ಮುನ್ನೂರ ಹನ್ನೆರಡು ಏಟು

ಮಾರ್ಚ್ 3, ಮಂಗಳವಾರ

ಇವತ್ತೂ ಒಂದು ಕೊರೆಯುವ ಬಿಟ್ ಮುರಿಯಿತು. ಈ ತಿಂಗಳಲ್ಲಿ ಮೂರನೆಯದು. ತಿಂಗಳು ಹುಟ್ಟಿ ಮೂರೇ ದಿನ.

ತಪ್ಪು ನನ್ನದೇ. ಅಭ್ಯಾಸಕ್ಕಿಟ್ಟ ತುಂಡು ತಗಡು ನಡುವೆ ಕೂದಲೆಳೆಯಷ್ಟು ಉಬ್ಬಿತ್ತು. ನನ್ನ ಕಣ್ಣಿಗೆ ಕಾಣಲಿಲ್ಲ, ಬಿಟ್ಟಿಗೆ ಕಂಡಿತು. ತಾಮ್ರ ನೋಡುವುದಕ್ಕೆ ಸಾಧು, ಕೆತ್ತಲು ಹೋದರೆ ಗೋಂದಿನ ಹಾಗೆ ಅಂಟಿಕೊಳ್ಳುತ್ತದೆ. ನಿಧಾನವಾಗಿ ಹೋದರೆ ತುದಿಗೆ ಸುತ್ತಿಕೊಳ್ಳುತ್ತದೆ. ಜೋರಾಗಿ ಹೋದರೆ — ಟಕ್.

ಮಾವ ಮುರಿದ ತುದಿಯನ್ನು ಅಂಗೈಯಲ್ಲಿಟ್ಟು ನೋಡಿದರು.

"ಪಂಡಿತರೇ, ಮೊದಲನೇ ಪಾಠ ಏನು?"

"ಮಟ್ಟ."

"ಎರಡನೇದು?"

"ಮಟ್ಟ."

"ಮೂರನೇದು ಕೇಳಲ್ಲ. ಬೇರೆ ಬಿಟ್ ಹಾಕು."

ಬೈದಿದ್ದರೆ ಹಗುರವಾಗುತ್ತಿತ್ತು. ಮಾವ ಬೈಯುವುದಿಲ್ಲ, ಅದೇ ಕಷ್ಟ. ಅಮ್ಮನ ತಮ್ಮ. ಎಂಎ ಮುಗಿಸಿ ನಾಲ್ಕು ಇಂಟರ್‌ವ್ಯೂಗಳಲ್ಲಿ ಬಾಯಿ ಬಿಡದೆ ಕೂತು ಎದ್ದು ಬಂದವಳನ್ನು ತಮ್ಮ ಅಂಗಡಿಗೆ ಕರೆದವರು. ಎಂಟು ತಿಂಗಳಾಯಿತು. ಮುಂದಿನ ಕೋಣೆಯಲ್ಲಿ ಕೌಂಟರ್. ಹಿಂದಿನ ಕೋಣೆಯಲ್ಲಿ ಸಿಎನ್‌ಸಿ ರೌಟರ್ — ಕಂಪ್ಯೂಟರಿನಲ್ಲಿ ಬಿಡಿಸಿದ ಗೆರೆಯನ್ನು ಗರಗರ ತಿರುಗುವ ಬಿಟ್‌ನಿಂದ ತಗಡಿನ ಮೇಲೆ ಕೊರೆಯುವ ಮೇಜು. ಬಾಗಿಲ ಫಲಕ, ಬಹುಮಾನದ ಫಲಕ, ಮೋಟಾರಿನ ಮೇಲಿನ ನಂಬರ್ ಪಟ್ಟಿ. ಅಕ್ಷರ ಜೋಡಿಸುವುದು ನನ್ನ ಕೆಲಸ. ಕೆತ್ತುವುದನ್ನೂ ಕಲಿಯುತ್ತಿದ್ದೇನೆ. ಮಶೀನಿನ ಜೊತೆ ಮಾತಾಡಬೇಕಾಗಿಲ್ಲ. ಅದಕ್ಕೇ ಇಷ್ಟ.

ಮಾರ್ಚ್ 5, ಗುರುವಾರ

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಬಸ್ ಕಂಡಕ್ಟರ್. ಐವತ್ತರ ಆಸುಪಾಸು. ಖಾಕಿ ಶರ್ಟು, ಹೆಗಲಿಗೆ ಟಿಕೆಟ್ ಮಶೀನು. ಇಡೀ ಬಸ್ಸಿಗೆ ಕೇಳಿಸಿ ಅಭ್ಯಾಸವಾದ ಗಂಟಲು. ನಾನು ಕೌಂಟರಿನ ಹಿಂದೆ ಅರ್ಧ ಅಡಿ ಸರಿದೆ.

ಹಳೆಯ ಸೀರೆಯ ತುಂಡಿನಿಂದ ಒಂದು ತಾಮ್ರದ ತಗಡು ಬಿಚ್ಚಿದರು. ಸ್ಲೇಟಿನಷ್ಟು ಅಗಲ, ಮುಕ್ಕಾಲು ಮಿಲಿಮೀಟರ್‌ಗೂ ಕಡಿಮೆ ದಪ್ಪ. ಆಮೇಲೆ ಪರ್ಸಿನಿಂದ ಒಂದು ಚೀಟಿ. ಕರೆಂಟ್ ಬಿಲ್ಲಿನ ಹಿಂಬದಿ, ನೀಲಿ ಪೆನ್ನು.

"ಹಾಲು ಕಾಯಿಸಿದ್ದೀನಿ. ಮುಚ್ಚಿಡಿ. ಬೆಕ್ಕು ಬರುತ್ತೆ"

"ನಮ್ಮಮ್ಮನ ಕೈಬರಹ. ಹೋಗಿ ಆರು ವರ್ಷ ಆಯ್ತು. ಮನೆಯೆಲ್ಲ ತಡಕಾಡಿದೀನಿ, ಅವಳು ಬರೆದದ್ದು ಇದೊಂದೇ ಸಿಕ್ಕಿದ್ದು. ಅಪ್ಪನಿಗೆ ಕಣ್ಣು ಕಾಣಲ್ಲ. ಬೆರಳಿಟ್ಟರೆ ಗೊತ್ತಾಗೋ ಹಾಗೆ ಕೆತ್ತಿ ಕೊಡ್ತೀಯಾ ಮಗಳೇ? ತಗಡು ಅಪ್ಪಂದೇ. ತಾಮ್ರದ ಕೆಲಸ ಮಾಡ್ತಿದ್ದರು."

ಹೂಂ ಎಂದೆ. ದಿನಾಂಕ ಬರೆದುಕೊಂಡೆ. ತಗಡಿನದೂ ಚೀಟಿಯದೂ ಫೋಟೋ ತೆಗೆದುಕೊಂಡೆ. ಬಂದ ವಸ್ತುವಿಗೆಲ್ಲ ಫೋಟೋ, ಅದು ಅಂಗಡಿಯ ರೂಢಿ.

"ಆಸ್ಪತ್ರೆ–ಮಾರ್ಕೆಟ್ ಬಸ್ಸಲ್ಲೇ ಇರ್ತೀನಿ ದಿನವೆಲ್ಲ. ಫೋನ್ ಎತ್ತದಿದ್ದರೆ ಬಸ್ ಹತ್ತು" ಎಂದು ನಗುತ್ತ ಹೋದರು.

ಚೀಟಿಯನ್ನು ತುಂಬ ಹೊತ್ತು ನೋಡಿದೆ. ಎರಡು ವರ್ಷ ಓದಿ ಬರೆದ ನನ್ನ ಪ್ರಬಂಧದಲ್ಲಿ ಇಷ್ಟು ಜೀವ ಇರುವ ಒಂದು ಸಾಲೂ ಇಲ್ಲ. ಕೊನೆಯ ಅಕ್ಷರದಿಂದ ತುಸು ದೂರ, ತುಸು ಕೆಳಗೆ ಒಂದು ನೀಲಿ ಚುಕ್ಕೆ.

ತಗಡಿನ ತುಂಬ ತಗ್ಗುಗಳು. ಸುಮ್ಮನೆ ಬಿದ್ದು ಆದವಲ್ಲ, ಸಾಲುಸಾಲಾಗಿವೆ. ಬರೆದ ಹಾಗೆ. ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ರಸ್ತೆ ದಾಟಿದ್ದರು.

ಮಾರ್ಚ್ 6, ಶುಕ್ರವಾರ

ಬಿಟ್ ತಿರುಗಿಸುವ ಸ್ಪಿಂಡಲ್ಲಿಗೆ ಬದಲಿ ಬೇರಿಂಗ್ ತರಲು ಮಾವ ಬೇರೆ ಊರಿಗೆ ಹೋಗಿದ್ದಾರೆ. ಬರುವುದು ಸೋಮವಾರ. "ಕಂಡಕ್ಟರಮ್ಮನ ಕೆಲಸ ನೀನೇ ಮಾಡು. ಶುರುವಿಂದ ಕೊನೇತನಕ" ಎಂದು ಹೇಳಿ ಹೋದರು. ಮೊದಲ ಸಲ.

ಬೆಳಿಗ್ಗೆ ಚೀಟಿಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ಬಿಡಿಸಿದೆ. ಮೂರು ಪಟ್ಟು ದೊಡ್ಡದು ಮಾಡಿದೆ, ಬೆರಳಿಗೆ ಸಿಗಲಿ ಎಂದು. ಕೊಳೆ, ಮಡಿಕೆ, ಆ ಚುಕ್ಕೆ — ಎಲ್ಲ ಅಳಿಸಿದೆ. ಚೊಕ್ಕ ಬಂತು.

ತಗಡನ್ನು ಮೇಜಿನ ಮೇಲಿಟ್ಟರೆ ನಾಲ್ಕು ಮೂಲೆಯೂ ಮೇಲೆ. ತಗ್ಗು, ದಿಣ್ಣೆ. ಹೀಗೇ ಕೆತ್ತಿದರೆ ಒಂದು ಅಕ್ಷರ ತಗಡು ತೂತು ಮಾಡುತ್ತದೆ, ಇನ್ನೊಂದು ಗಾಳಿಯಲ್ಲಿ ಬರೆಯುತ್ತದೆ. ಫೋನ್ ಕೈಗೆತ್ತಿಕೊಂಡೆ. ನಂಬರ್ ಇದೆ. ಮೆಸೇಜ್ ಟೈಪ್ ಮಾಡಿದೆ: "ತಗಡಿನ ತಗ್ಗುಗಳು ಹಾಗೇ ಇರಬೇಕಾ?" ಓದಿಕೊಂಡೆ. ದಡ್ಡ ಪ್ರಶ್ನೆ ಅನಿಸಿತು. ಇಷ್ಟೂ ಗೊತ್ತಿಲ್ಲವಾ ಅಂತ ಅಂದುಕೊಂಡರೆ... ಡ್ಯೂಟಿಯಲ್ಲಿದ್ದರೆ... ಅಳಿಸಿದೆ.

ಮೊದಲನೇ ಪಾಠ ಮಟ್ಟ. ಎರಡನೆಯದೂ ಮಟ್ಟ.

ತಗಡನ್ನು ಕಾಯಿಸಿ ಮೆತ್ತಗೆ ಮಾಡಿದೆ. ಕೈಯಲ್ಲಿ ತಿರುಗಿಸುವ ರೋಲರಿನಲ್ಲಿ ಮೂರು ಸಲ ಬಿಟ್ಟೆ. ಉಳಿದದ್ದನ್ನು ಮರದ ಕೊಡತಿಯಿಂದ ತಟ್ಟಿದೆ, ಉಜ್ಜಿ ಹೊಳೆಯಿಸಿದೆ. ಸಂಜೆಯ ಹೊತ್ತಿಗೆ ಕನ್ನಡಿಯಷ್ಟು ನುಣುಪು. ಒಂದು ಮೂಲೆಯಿಂದ ಇನ್ನೊಂದಕ್ಕೆ ಅಳೆದರೆ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಬಹಳ ಖುಷಿಯಾಯಿತು. ಮಾವನಿಗೆ ಫೋಟೋ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು.

ನಾಳೆ ಕೆತ್ತುತ್ತೇನೆ.

ಮಾರ್ಚ್ 7, ಶನಿವಾರ, ಬೆಳಿಗ್ಗೆ 10.40

ಕಂಡಕ್ಟರಮ್ಮನ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು.

"ಮಗಳೇ, ಒಂದು ಮಾತು ಹೇಳೋದು ಮರೆತೆ. ಆ ತಗಡಲ್ಲಿ ಸುತ್ತಿಗೆ ಏಟು ಇದೆಯಲ್ಲ, ಅದು ಹಾಗೇ ಇರಲಿ. ಅಪ್ಪ ಕೊನೇ ಸಲ ಸುತ್ತಿಗೆ ಹಿಡಿದದ್ದು ಅದರ ಮೇಲೇನೇ. ಆಮೇಲೆ ಮುಟ್ಟಲಿಲ್ಲ. ಅದಕ್ಕೇ ಬೇರೆ ತಗಡು ಬೇಡ ಅಂತ ಅದನ್ನೇ ತಂದಿದ್ದು. ಕೇಳಿಸ್ತಾ?"

"ಹೂಂ" ಎಂದೆ.

"ಹಾಗೇ ಇದೆ ತಾನೇ?"

"ಹೂಂ."

ಫೋನ್ ಇಟ್ಟರು. ತಗಡು ಎದುರಿಗೇ ಇತ್ತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಅದೇ ದಿನ, ಮಧ್ಯಾಹ್ನ 3

ಮಶೀನ್ ಹಚ್ಚಿಲ್ಲ. ಊಟದ ಡಬ್ಬಿ ತೆರೆದಿಲ್ಲ. ಒಂದಲ್ಲ, ಎರಡು ಹೂಂ. ಮೊದಲನೆಯದು ಕೇಳಿಸಿತು ಅಂತ. ಎರಡನೆಯದು ಸುಳ್ಳು.

ಅಮ್ಮ ಸದಾ ಹೇಳುತ್ತಾಳೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ. ಬಾಯಿಲ್ಲದವರು ಬೇರೆಯವರ ವಸ್ತು ಹಾಳು ಮಾಡುತ್ತಾರೆ ಅಂತ ಯಾರೂ ಗಾದೆ ಕಟ್ಟಿಲ್ಲ.

ಮಾರ್ಚ್ 9, ಸೋಮವಾರ

ಮಾವ ಬಂದರು. ಬೇರಿಂಗ್ ಬಿಚ್ಚುವ ಮೊದಲೇ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ, ಮೊಬೈಲಿನಲ್ಲಿ ಹಳೆಯ ಫೋಟೋ ತೆರೆದು ತಗಡಿನ ಪಕ್ಕ ಇಟ್ಟೆ.

ಒಮ್ಮೆ ಫೋಟೋ ನೋಡಿದರು, ಒಮ್ಮೆ ತಗಡು. "ಯಾಕೆ ಕೇಳಲಿಲ್ಲ? ಬಾಯಲ್ಲಿ ನೀರು ತುಂಬಿಕೊಂಡಿದ್ದೆಯಾ?"

ತಗಡಿನ ಅಂಚು ಒರೆಸುತ್ತ ನಿಂತೆ.

ಆಮೇಲೆ ಮಾವನೇ, "ತಪ್ಪು ನಂದೂ ಇದೆ. ಮಟ್ಟ ಮಟ್ಟ ಅಂತ ತಲೆ ತಿಂದವನು ನಾನು" ಎಂದರು. ಕನ್ನಡಕ ಒರೆಸಿದರು. "ಫೋಟೋ ಇದೆಯಲ್ಲ. ಎಲ್ಲೆಲ್ಲಿ ಏಟಿದೆ ನೋಡಿ ಮಶೀನ್‌ನಲ್ಲೇ ತಗ್ಗು ತೋಡೋಣ. ದುಂಡು ತುದಿಯ ಬಿಟ್ ಹಾಕಿ. ಇದ್ದ ಜಾಗದಲ್ಲೇ, ಇದ್ದಷ್ಟೇ. ಅವರಪ್ಪನಿಗೆ ಕಣ್ಣು ಕಾಣಲ್ಲವಲ್ಲ."

"ಮಾವ, ಅದು ಸುಳ್ಳು..."

"ಸುಳ್ಳಲ್ಲ, ರಿಪೇರಿ. ಮೊದಲು ತುಂಡು ತಗಡಲ್ಲಿ ಮಾಡಿ ನೋಡು."

ಮಾರ್ಚ್ 12, ಗುರುವಾರ

ಮೂರು ದಿನ ಏಟು ಎಣಿಸಿದೆ. ಫೋಟೋ ದೊಡ್ಡದು ಮಾಡಿ ಒಂದೊಂದಕ್ಕೂ ಒಂದು ವೃತ್ತ. ಒಟ್ಟು ಮುನ್ನೂರ ಹನ್ನೆರಡು.

ಎಡಗಡೆ ಏಟುಗಳು ದೂರ ದೂರ, ಅಂಜುತ್ತ ಹೊಡೆದ ಹಾಗೆ. ಬಲಕ್ಕೆ ಹೋದ ಹಾಗೆ ಒಂದರ ಮೇಲೊಂದು. ಏಳನೇ ಸಾಲಿನಲ್ಲಿ ಒಂದೇ ಜಾಗಕ್ಕೆ ಮೂರು ಏಟು. ಅಲ್ಲಿ ಏನಾಯಿತು? ಯಾರೋ ಕರೆದರೇ? ಯಾರೂ ಕರೆಯಲಿಲ್ಲವೇ?

ತುಂಡು ತಗಡಿನಲ್ಲಿ ತೋಡಿದೆ. ಮಾವ ಬೆರಳಾಡಿಸಿ, "ದೇವರಿಗೂ ಗೊತ್ತಾಗಲ್ಲ" ಎಂದರು. ಮನೆಗೆ ತಂದು ಅಮ್ಮನ ಕಣ್ಣು ಮುಚ್ಚಿಸಿ ಕೈಗಿಟ್ಟೆ.

"ಚೆನ್ನಾಗಿದೆ. ಯಾರು ಹೊಡೆದದ್ದು?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ನಾನೂ ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ನನಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಒಳ್ಳೆಯದಿತ್ತು.

ಫೈಲ್ ಸಿದ್ಧವಿದೆ. ನಾಳೆ ನಿಜವಾದ ತಗಡಿಗೆ ಹಾಕು ಎಂದಿದ್ದಾರೆ ಮಾವ.

ಮಾರ್ಚ್ 13, ಶುಕ್ರವಾರ

ತಗಡು ಮೇಜಿಗೆ ಬಿಗಿದೆ. ಬಿಟ್ ಎಲ್ಲಿಂದ ಶುರುಮಾಡಬೇಕೋ ಆ ಝೀರೋ ಹಿಡಿದೆ. ಹಸಿರು ಬಟನ್ ಮೇಲೆ ಬೆರಳಿಟ್ಟು ನಿಂತೆ. ಎಷ್ಟು ಹೊತ್ತೋ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಮಾವ ಕರೆದದ್ದು ಕೇಳಿಸಿತು, ತಿರುಗಿ ನೋಡಲಿಲ್ಲ.

ಆಸ್ಪತ್ರೆ–ಮಾರ್ಕೆಟ್ ಬಸ್. ಎರಡು ಬಿಟ್ಟು ಮೂರನೆಯದರಲ್ಲಿ ಅವರಿದ್ದರು.

"ಓ, ಕೆತ್ತನೆ ಹುಡುಗಿ. ಎಲ್ಲಿಗೆ?"

"ಮಾರ್ಕೆಟ್."

ಹೇಳೋಣ ಎನ್ನುವಷ್ಟರಲ್ಲಿ ಶಾಲೆ ಮಕ್ಕಳು ನುಗ್ಗಿದರು. ಮಾರ್ಕೆಟ್ ಬಂತು. ಇಳಿಯಲಿಲ್ಲ. ವಾಪಸ್ ಆಸ್ಪತ್ರೆಗೆ ಟಿಕೆಟ್ ಕೇಳಿದೆ. ಹುಬ್ಬೇರಿಸಿ ಕೊಟ್ಟರು. ಆಸ್ಪತ್ರೆ ಬಂತು. ಮತ್ತೆ ಮಾರ್ಕೆಟ್ ಎಂದೆ.

"ಏನಮ್ಮಾ, ಬಸ್ ಕೊಂಡ್ಕೊಳ್ಳೋಕೆ ನೋಡ್ತಿದ್ದೀಯಾ?"

ಮುಂದಿನ ಸೀಟಿನ ಮುದುಕರು ನಕ್ಕರು. ಕಿವಿ ಬಿಸಿಯಾಯಿತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಡ್ರೈವರ್ ಟೀಗೆ ಹೋದರು. ಕಂಡಕ್ಟರಮ್ಮ ಬಂದು ಎದುರಿನ ಸೀಟಿನಲ್ಲಿ ಕೂತರು.

"ಈಗ ಹೇಳು."

ಹೇಳಿದೆ. ರೋಲರು, ಕೊಡತಿ, ಎರಡು ಹೂಂ, ಮಶೀನಿನಲ್ಲಿ ತೋಡಬೇಕೆಂದಿದ್ದ ತಗ್ಗುಗಳು. ಮಾವನ ಹೆಸರು ಕೆಡುತ್ತದೆಂದು ಗೊತ್ತಿದ್ದೂ ಹೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸುತ್ತಿತ್ತು.

ಟಿಕೆಟ್ ಮಶೀನಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಸುತ್ತಿದರು, ಬಿಚ್ಚಿದರು.

"ಒಂದೂ ಉಳಿದಿಲ್ಲವಾ?"

"ಇಲ್ಲ."

ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಎದ್ದು, "ಭಾನುವಾರ ಮನೆಗೆ ಬಾ. ತಗಡು ತಗೊಂಡು ಬಾ. ಅಪ್ಪನಿಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ" ಎಂದರು.

ಮಾರ್ಚ್ 14, ಶನಿವಾರ

ಏನೂ ತೋಚುತ್ತಿಲ್ಲ. ಮಾವ ಕೇಳಿದ್ದು ಒಂದೇ: "ಬೈದರಾ?" ಇಲ್ಲ ಎಂದೆ. "ಅದೇ ಕಷ್ಟ" ಎಂದರು. ನಾಳೆ ಜೊತೆಗೆ ಬರಲಾ ಎಂದರು. ಬೇಡ ಎಂದೆ.

ಮಾರ್ಚ್ 15, ಭಾನುವಾರ

ಕಂಡಕ್ಟರಮ್ಮನ ಮನೆ ಮೂರನೇ ಮಹಡಿ. ಮೆಟ್ಟಿಲ ಕಂಬಿಗೆ ಒಂದೊಂದು ಮಹಡಿಗೂ ಹಗ್ಗದ ಗಂಟು: ಒಂದು, ಎರಡು, ಮೂರು. ಅವರ ಅಪ್ಪ — ಅಜ್ಜ — ಎಣಿಸಿಕೊಂಡು ಹತ್ತಲಿಕ್ಕೆ. ಬಾಲ್ಕನಿಯಲ್ಲಿ ತಗಡು ಇಟ್ಟು ಬಡಿಯುವ ಒಂದು ಅಡಿಗಲ್ಲು, ಅದರ ಮೇಲೆ ಹೂವಿನ ಕುಂಡ.

ಅಜ್ಜ ಸಣ್ಣ ಆಳು. ಮಣಿಕಟ್ಟು ಮಾತ್ರ ದಪ್ಪ. ಎದುರು ಕೂತು ಹೇಳಿದೆ. ನಡುವೆ ಎರಡು ಸಲ ಮಾತು ನಿಂತುಹೋಯಿತು. ಅವರು ಕಾದರು. ಆಮೇಲೆ ಕೈ ಚಾಚಿದರು.

ತಗಡಿನ ಮೇಲೆ ಹೆಬ್ಬೆರಳು ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಯಿತು. ಹಿಂದೆ ಬಂತು.

"ಚೆನ್ನಾಗಿ ಮಟ್ಟ ಮಾಡಿದ್ದೀಯ."

ತಗಡನ್ನು ತೊಡೆಯ ಮೇಲಿಟ್ಟುಕೊಂಡರು.

"ಕೆಲಸ ಬಲ್ಲವನ ತಗಡಲ್ಲಿ ಏಟು ಕಾಣಬಾರದಮ್ಮ. ಏಟಿನ ಮೇಲೆ ಏಟು ಹಾಕಿ ಏಟೇ ಅಳಿಸಬೇಕು. ಮೂರು ದಿನ ಹೊಡೆದೆ, ಬರಲೇ ಇಲ್ಲ. ಕಣ್ಣು ಪೂರ್ತಿ ಹೋಗಿತ್ತು. ಬಿಸಾಕು ಅಂದರೆ ಮಗಳು ಸೀರೇಲಿ ಸುತ್ತಿ ಇಟ್ಟುಕೊಂಡಳು. ನನ್ನ ಮಾನ ಕಾಪಾಡಿದೆ ನೀನು."

ಎದೆ ಒಂದು ಕ್ಷಣ ಹಗುರಾಯಿತು. ಒಂದೇ ಕ್ಷಣ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. (ಕಂಡಕ್ಟರಮ್ಮ ಅಂತ ಬರೆಯಲು ಈಗ ಕೈ ಬರುವುದಿಲ್ಲ.)

"ನಿನಗೆ ನಾಚಿಕೆ ಇರಬಹುದು ಅಪ್ಪ. ನನಗೆ ಬೇಕಿತ್ತು. ಅಮ್ಮ ತೀರಿಕೊಂಡ ತಿಂಗಳು ಅದು. ನೀನು ಯಾರ ಜೊತೇಲೂ ಮಾತಾಡಲಿಲ್ಲ. ಮೂರು ದಿನ ಇಲ್ಲಿ ಕೂತು ಹೊಡೆದೆ. ನಾನು ಒಳಗೆ ಕೂತು ಕೇಳ್ತಿದ್ದೆ. ಏಟು ನಿಂತರೆ ಎದ್ದು ಬಂದು ನೋಡ್ತಿದ್ದೆ, ಉಸಿರಾಡ್ತಿದ್ದೀಯೋ ಇಲ್ಲವೋ ಅಂತ."

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಶುರು ಮಾಡಲು ಒದ್ದಾಡುತ್ತಿದ್ದರು.

ಆ ಸದ್ದು ನಿಂತ ಮೇಲೆ ಅಜ್ಜ, "ಕುಂಡ ಇಳಿಸು" ಎಂದರು. "ಸುತ್ತಿಗೆ ಮಂಚದ ಕೆಳಗಿದೆ."

"ಅಪ್ಪ, ಬೇಡ."

"ನೀನು ಕೇಳಿದ್ದು ಕೊಡ್ತಿದ್ದೀನಿ, ಬೇಡ ಅಂತೀಯ. ನಿಮ್ಮಮ್ಮನ ಮಗಳೇ ನೀನು." ನನ್ನ ಕಡೆ ಮುಖ ತಿರುಗಿಸಿದರು. "ತಗಡು ನೀನು ಹಿಡಿ. ಮಟ್ಟ ಮಾಡಿದವಳು ನೀನೇ ತಾನೇ."

ಬಟ್ಟೆ ಮಡಿಸಿ ಅದರಲ್ಲಿ ತಗಡಿನ ಎರಡು ಅಂಚು ಹಿಡಿದೆ. ಅಡಿಗಲ್ಲು ತಣ್ಣಗಿತ್ತು. ಅವರು ಸುತ್ತಿಗೆ ಎತ್ತಿದರು. ನನ್ನ ಬೆರಳುಗಳು ತಗಡಿನ ಅಂಚಿನಲ್ಲೇ ಇದ್ದವು. ಅಜ್ಜನಿಗೆ ಗೊತ್ತಿದೆಯೋ ಇಲ್ಲವೋ. ದೊಡ್ಡವರು, ಕೇಳಿದರೆ ಏನಂದುಕೊಳ್ಳುತ್ತಾರೋ...

"ಅಜ್ಜ, ನನ್ನ ಬೆರಳು ಎಲ್ಲಿದೆ ಅಂತ ಗೊತ್ತಾಗುತ್ತಾ?"

ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಗೊತ್ತಾಗಲ್ಲ. ಒಳ್ಳೇ ಹೊತ್ತಿಗೆ ಕೇಳಿದೆ. ಒಂದೊಂದು ಏಟಿಗೂ ನೀನೇ ಹೇಳ್ತಾ ಇರಬೇಕು."

ಹೇಳಿದೆ. ಬಲಕ್ಕೆ. ಇನ್ನೂ ಬಲಕ್ಕೆ. ಅಲ್ಲೇ. ಈಗ ಮುಂದೆ. ನಿಲ್ಲಿ, ಬೆರಳು ತೆಗೆಯುತ್ತೇನೆ. ಹಾಂ, ಹೊಡೀರಿ. ಎಂಟು ತಿಂಗಳಲ್ಲಿ ಆಡಿದ ಮಾತಿಗಿಂತ ಹೆಚ್ಚು ಆಡಿದೆ. ಅಕ್ಕ ಬಾಗಿಲಿಗೊರಗಿ ಕೇಳುತ್ತಿದ್ದರು. ತಗಡನ್ನಲ್ಲ, ಸದ್ದನ್ನು.

ನೂರ ನಲವತ್ತೊಂದನೇ ಏಟಿಗೆ ಅಜ್ಜನ ಕೈ ಸೋತಿತು. ಎಡ ಅರ್ಧ ಏಟು, ಬಲ ಅರ್ಧ ನನ್ನ ಕನ್ನಡಿ.

ನೀರು ಕುಡಿಯುತ್ತ, ಕೆತ್ತುವುದು ಏನೆಂದು ಕೇಳಿದರು. ಅಕ್ಕ ಚೀಟಿ ಓದಿದರು. ಅಜ್ಜನ ಹೆಗಲು ಕುಲುಕಿತು. ಅಳುತ್ತಿದ್ದಾರೆಂದುಕೊಂಡೆ.

"ಬೆಕ್ಕಿನ ಮೇಲೆ ಹಾಕಿದಾಳೆ ನೋಡು. ಹಾಲು ಕುಡೀತಿದ್ದದ್ದು ನಾನು. ಅವಳಿಗೂ ಗೊತ್ತಿತ್ತು."

"ಅಕ್ಷರ ಎಲ್ಲಿ ಬರಲಿ?" ಎಂದು ಕೇಳಿದೆ. ನಾನಾಗಿಯೇ.

"ಏಟಿನ ಮೇಲೆ" ಎಂದರು ಅಕ್ಕ.

ಮಾರ್ಚ್ 17, ಮಂಗಳವಾರ

ಮಶೀನಿನ ಪುಸ್ತಕ ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಓದುವುದೊಂದು ಬರುತ್ತದಲ್ಲ ನನಗೆ. ಕೊನೆಯ ಪುಟಗಳಲ್ಲಿ ಇತ್ತು: ತಗಡಿಗೊಂದು ವೈರು, ಬಿಟ್‌ಗೊಂದು ವೈರು. ತುದಿ ತಾಕಿದ ಕೂಡಲೇ ಕರೆಂಟು ಹರಿದು ಆ ಜಾಗದ ಎತ್ತರ ಬರೆದುಕೊಳ್ಳುತ್ತದೆ. ಹೀಗೆ ನೂರಾರು ಕಡೆ ಮುಟ್ಟಿ ನೋಡಿ, ಆಮೇಲೆ ತಗ್ಗಿಗೆ ತಗ್ಗಾಗಿ ದಿಣ್ಣೆಗೆ ದಿಣ್ಣೆಯಾಗಿ ಕೆತ್ತುತ್ತದೆ. ಮಟ್ಟ ಮಾಡಬೇಕಾಗಿಯೇ ಇರಲಿಲ್ಲ.

ಮಾವ ತಲೆ ಕೆರೆದುಕೊಂಡರು. "ಇದಕ್ಕೆ ತಡವಿ ನೋಡೋದೂ ಬರುತ್ತಾ? ಏಳು ವರ್ಷದಿಂದ ಇಟ್ಟುಕೊಂಡಿದ್ದೀನಿ, ಒಂದು ದಿನ ಕೇಳಲಿಲ್ಲ ನೋಡು."

ಅಳಿಸಿದ ಚುಕ್ಕೆ ನೆನಪಾಯಿತು. ಅಕ್ಕನಿಗೆ ಫೋನ್ ಮಾಡಿದೆ. ಮೆಸೇಜ್ ಅಲ್ಲ, ಫೋನ್. "ಚೀಟಿಯ ಕೊನೇಲಿ ಒಂದು ಚುಕ್ಕೆ ಇದೆ. ಪೆನ್ನಿಂದೋ ಕೊಳೆಯೋ ಗೊತ್ತಾಗ್ತಿಲ್ಲ. ಇಡಲಾ, ತೆಗೆಯಲಾ?"

ಬಸ್ಸಿನ ಸದ್ದು. ಯಾರೋ ಸ್ಟಾಪ್ ಸ್ಟಾಪ್ ಎನ್ನುತ್ತಿದ್ದರು.

"ಇಡು" ಎಂದರು. "ಇನ್ನೇನೋ ಬರೆಯೋಕೆ ಪೆನ್ನು ಊರಿದಾಳೆ ಅದು. ಆಮೇಲೆ ಬರೀಲಿಲ್ಲ."

ಮಾರ್ಚ್ 18, ಬುಧವಾರ, ಬೆಳಿಗ್ಗೆ 11.20

ಮಶೀನಿನ ಪಕ್ಕ ಕೂತೇ ಬರೆಯುತ್ತಿದ್ದೇನೆ. ಇದು ಮುಗಿಯುವ ತನಕ ಏಳುವುದಿಲ್ಲ.

ತಡವುತ್ತಿದೆ. ಕೆಳಗೆ, ತಾಕಿ, ಮೇಲೆ. ನೂರ ಎಂಬತ್ತು ಕಡೆ. ಅಜ್ಜನ ಹೆಬ್ಬೆರಳಿನ ಹಾಗೇ. ಮಾವ ಹೊಸ ಬಿಟ್ ಹಾಕಿಕೊಟ್ಟು ಮುಂದಿನ ಕೋಣೆಗೆ ಹೋದರು. "ನೀನಿದ್ದೀಯಲ್ಲ" ಎಂದರು.

12.05

ಅಕ್ಕ ಬಂದರು. ಖಾಕಿಯಲ್ಲೇ. ಹಸಿರು ಬಟನ್ ಒತ್ತಿದೆ. "ಹಾಲು" ಬಂತು. ಎಣ್ಣೆ ಹನಿಸುತ್ತಿದ್ದೇನೆ. ತಾಮ್ರದ ಸಣ್ಣ ಸುರುಳಿಗಳು ಏಳುತ್ತಿವೆ. ತೂತಿಲ್ಲ. ಅಂಟಿಲ್ಲ. ಇದುವರೆಗೆ.

12.30

"ಮುಚ್ಚಿಡಿ" ಆಯಿತು. "ಬೆಕ್ಕು" ಒಂದು ಆಳ ಏಟಿನೊಳಗೆ ಇಳಿದು ಹತ್ತಿ ಬಂತು. ಅಕ್ಕ ನನ್ನ ಭುಜ ಹಿಡಿದುಕೊಂಡಿದ್ದಾರೆ. ಹಿಡಿದದ್ದು ಅವರಿಗೇ ಗೊತ್ತಿಲ್ಲ ಅನಿಸುತ್ತದೆ.

12.45

ಉಳಿದದ್ದು ಚುಕ್ಕೆ ಒಂದೇ. ಇದೇ ಎಲ್ಲಕ್ಕಿಂತ ಅಪಾಯ. ಗೆರೆಯಾದರೆ ಬಿಟ್ ಜಾರಿಕೊಂಡು ಇಳಿಯುತ್ತದೆ. ಚುಕ್ಕೆಗೆ ನೇರ ಇಳಿಯಬೇಕು. ಅದೂ ಅಜ್ಜನ ಕೈ ಸೋತ ಆ ಕೊನೆಯ ಏಟಿನ ಮೇಲೆ, ತಗಡು ಎಲ್ಲಕ್ಕಿಂತ ತೆಳುವಾದ ಕಡೆ. ಬಿಡಬಹುದು. ಈಗಲೂ ನಿಲ್ಲಿಸಬಹುದು.

ಕೇಳಿದೆ. "ಅಕ್ಕ, ತೂತಾಗಬಹುದು. ಹಾಕಲಾ?"

"ಹಾಕು."

ಬಿಟ್ ಅದರ ಮೇಲೆ ಬಂದು ನಿಂತಿದೆ. ಇಳಿಯುತ್ತಿದೆ. ಎಣ್ಣೆ ಹಾಕಬೇಕು, ಪೆನ್ನು ಇಲ್ಲೇ ಊರಿಟ್ಟು —